ಒಲೆಗೊಂದು ಸೇರು

“ಒಲೆ ಇಲ್ಲದೋನು ಒಕ್ಕಲು ಹೆಂಗಾಗ್ತೀಯಲೇ? ಸುಮ್ನೆ ನಿಮ್ಮಣ್ಣನ ಒಲೆಗೆ ಸೇರ್ಕಂಡು ಬಿದ್ದಿರು.”

ಬಾಗೂರಿನಿಂದ ಬಸ್ಸಿಗೆ ಬಂದಿದ್ದ ಚಿಕ್ಕಪ್ಪ ಮುರುಗಪ್ಪ, ಅಕ್ಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ನಿರಂಜನನನ್ನು ಬೈಯುತ್ತಿದ್ದ. ಮನೆದೇವರ ಪರವಿನ ಊಟಕ್ಕೆ ಒಲೆಗೊಂದು ಸೇರು ಅಕ್ಕಿ ಎತ್ತುವುದು ಅವನ ಕೆಲಸ. ಎಲ್ಲರ ಅಕ್ಕಿಯನ್ನೂ ಒಂದೇ ಕೊಪ್ಪರಿಗೆಯಲ್ಲಿ ಬೇಯಿಸಿ, ಒಂದೊಂದು ಒಲೆಯ ಯಜಮಾನನ ಹೆಸರು ಕೂಗಿ ಬಡಿಸುತ್ತಾರೆ. ಅಣ್ಣನ ಒಲೆಗೆ ಸೇರಿದರೆ, ಅಣ್ಣನ ಹೆಸರು ಕೂಗಿದಾಗ ಅವನ ಮಕ್ಕಳ ಹಿಂದೆ ಎಲೆ ಹಿಡಿದು ನಿಲ್ಲಬೇಕು. ನಿರಂಜನನಿಗೆ ನಲವತ್ತಾರು.

“ಹೋದ ವರ್ಷ ನನ್ನ ಹೆಸರು ಕೂಗಿದ್ರಿ.”

“ಹೋದ ವರ್ಷ ಉಷಾ ಇದ್ಲು.”

ಉಷಾ ಹೊಸದುರ್ಗದ ತವರಿಗೆ ಹೋಗುವಾಗ ತಾನು ತಂದಿದ್ದನ್ನೆಲ್ಲ ತೆಗೆದುಕೊಂಡು ಹೋಗಿದ್ದಳು. ಸ್ಟೌವು ಅವಳು ತಂದಿದ್ದು. ಅದು ನ್ಯಾಯವೇ ಎಂದು ನಿರಂಜನ ಒಪ್ಪಿದ್ದ. ನ್ಯಾಯವಾದುದನ್ನು ಒಪ್ಪಿಬಿಡುವುದು ಅವನ ಅಭ್ಯಾಸ; ಉಷಾಳ ದೂರುಗಳಲ್ಲಿ ಅದೂ ಒಂದು.

ಅವನು ಚಿತ್ರದುರ್ಗದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುತ್ತಾನೆ. ಆ ಬೆಳಿಗ್ಗೆಯೇ ಪಾಠ ಮಾಡಿ ಬಂದಿದ್ದ: ಕುಟುಂಬವೆಂದರೆ ರಕ್ತವಲ್ಲ, ಮದುವೆಯಲ್ಲ, ಜನ ತಾವೇ ಕಟ್ಟಿಕೊಳ್ಳುವ ಏರ್ಪಾಡು. ಹುಡುಗಿಯರು ಬರೆದುಕೊಂಡರು. ಹುಡುಗರು ಕಿಟಕಿಯಿಂದ ಕೋಟೆ ನೋಡಿದರು.

ಅದನ್ನೇ ಚಿಕ್ಕಪ್ಪನಿಗೂ ಹೇಳಿದ. ಮುರುಗಪ್ಪ ಎದ್ದು ಸೀದಾ ಅಡುಗೆಮನೆಗೆ ನುಗ್ಗಿದ. ಅಲ್ಲಿ ಒಂದು ಕರೆಂಟ್ ಕೆಟಲ್ ಇತ್ತು.

“ಇದ್ರಾಗೆ ಮುದ್ದೆ ಆಗ್ತತಾ?”

“ನೀರು ಕಾಯ್ತತೆ.”

“ನೀರು ಬಚ್ಚಲ ಒಲೆಯಾಗೂ ಕಾಯ್ತತೆ. ಬಚ್ಚಲಿಗೆ ಒಕ್ಕಲು ಅಂತಾರೇನು? ಉಣ್ಣದೆಲ್ಲಿ ನೀನು?”

ಎದುರು ರಸ್ತೆಯಲ್ಲಿ ಕಮಲಮ್ಮನ ಮೆಸ್ಸು. ಊಟದ ಹೊತ್ತೂ ಆಗಿತ್ತು, ಇಬ್ಬರೂ ಹೋದರು. ಟೈಲ್ಸ್ ಹಾಕುವ ಪಾಲಯ್ಯ, ಹಿರಿಯೂರು ಬಸ್ಸಿನ ಕಂಡಕ್ಟರ್ ಜಂಪಣ್ಣ ಆಗಲೇ ಕುಳಿತಿದ್ದರು. ದಿನವೂ ಇದೇ ಮೇಜು, ಇದೇ ಜನ. ಪಾಲಯ್ಯ ಸರಿದು ಜಾಗ ಕೊಟ್ಟ.

ಕಮಲಮ್ಮ ಕೇಳದೆಯೇ ನಿರಂಜನನಿಗೆ ಅರ್ಧ ಮುದ್ದೆ ಇಟ್ಟಳು. ಅವನು ಉಪ್ಪಿನಕಾಯಿಗೆ ಕೈ ಚಾಚಿದರೆ ಬಾಟಲಿ ಕಿತ್ತುಕೊಂಡಳು.

“ಬಿಪಿ ಐತೆ ಮೇಷ್ಟ್ರೇ. ನಿಮ್ಮ ಹೆಣ ಹೊರಾಕೆ ಈ ಇಬ್ರೇ ಇರಾದು. ಭಾರ ಆಗ್ತತೆ ಅವ್ರಿಗೆ.”

ಎಲ್ಲರೂ ನಕ್ಕರು. ಮುರುಗಪ್ಪ ನಗಲಿಲ್ಲ. ಕಳೆದುಹೋದ ಎತ್ತು ಕಣ್ಣಿಗೆ ಬಿದ್ದವನ ಹಾಗೆ ಮೇಜನ್ನೊಮ್ಮೆ ನೋಡಿ, ಚೀಲದ ಬಾಯಿ ಬಿಚ್ಚಿದ.

“ಇಲ್ಲೇ ಐತಲ್ಲೋ ನಿನ್ನ ಒಲೆ. ಒಂದು ಸೇರು ಅಕ್ಕಿ ಹಾಕವ್ವ. ಒಂದೇ ಒಲೇಲಿ ಉಂಡೋರು ಒಂದೇ ಮನೆ.”

ಕಮಲಮ್ಮ ವಿಷಯವೇನೆಂದು ಕೇಳಿ ತಿಳಿದಳು. ಸೆರಗಿಗೆ ಕೈ ಒರೆಸಿ, ಸೇರು ತುಂಬಿ ತಂದು ಸುರಿದಳು. ಯಾರ ಹೆಸರು ಕೂಗುತ್ತೀರಿ ಎಂದಳು.

“ಕಮಲಮ್ಮ ಮತ್ತು ಮಕ್ಕಳು.”

ಪಾಲಯ್ಯ ಪರವಿನ ದಿನ ಕೆಲಸಕ್ಕೆ ಹೋಗುವುದಿಲ್ಲ ಎಂದ. ಜಂಪಣ್ಣ, “ಹೋಗಾಣ ಬಿಡ್ರಿ ಮೇಷ್ಟ್ರೇ, ಎಲೆ ನಾನು ಹಿಡೀತೀನಿ,” ಎಂದ.

“ಚಿಕ್ಕಪ್ಪ, ಇವರು ನಮ್ಮೋರಲ್ಲ.”

ಮಾತು ತನ್ನದೇ ಎಂದು ಗೊತ್ತಾಗಲು ನಿರಂಜನನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಜ್ಜನ ದನಿಯಂತಿತ್ತು. ತರಗತಿಯಲ್ಲಿ ಹೇಳಿದ ವಾಕ್ಯವನ್ನು ನೆನಪಿಸಿಕೊಂಡ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಯಾರೂ ಬೈಯಲಿಲ್ಲ. ಪಾಲಯ್ಯ ಇನ್ನಷ್ಟು ಸರಿದು ಕುಳಿತ. ಕಮಲಮ್ಮ ಉಪ್ಪಿನಕಾಯಿ ಬಾಟಲಿ ತಂದು ನಿರಂಜನನ ತಟ್ಟೆಗೆ ಎರಡು ಹೋಳು ಹಾಕಿದಳು.

“ತಗಳ್ರಿ ಸಾರ್.”

“ಮತ್ತೆ ಯಾವ ಒಲೆಗೆ ಹಾಕಲಿ ನಿನ್ನ?” ಎಂದ ಮುರುಗಪ್ಪ.

ನಿರಂಜನ ಮುದ್ದೆ ಮುರಿದು ಸಾರಿಗೆ ಅದ್ದಿದ. ಕೈ ತೊಳೆದುಕೊಂಡು ಬರುತ್ತೇನೆಂದು ಮುರುಗಪ್ಪ ಚೀಲ ಹೆಗಲಿಗೇರಿಸಿ ಹೊರಗೆ ಹೋದ. ಕೈ ತೊಳೆಯಲು ಚೀಲವೇಕೆ ಎಂದು ಯಾರೂ ಕೇಳಲಿಲ್ಲ.

ಪಾಲಯ್ಯ, ಜಂಪಣ್ಣ ಉಂಡು ಹೋದರು. ಬಾಗೂರಿನ ಬಸ್ಸು ಹಾರನ್ ಹೊಡೆದು ಹೋಯಿತು. ನಿರಂಜನ ಬಾಗಿಲು ನೋಡುತ್ತ ಉಪ್ಪಿನಕಾಯಿ ತಿಂದ. ರುಚಿಯಾಗಿತ್ತು.

ಕಮಲಮ್ಮ ಒಲೆ ಆರಿಸಿ, ಒದ್ದೆ ಬಟ್ಟೆ ಹಿಡಿದು ಮೇಜು ಒರೆಸುತ್ತ ಬಂದಳು. ಅವನ ತಟ್ಟೆಯ ಸುತ್ತ ಒರೆಸಿಕೊಂಡು ಮುಂದೆ ಹೋದಳು.