ಹುಟ್ಟುಹಬ್ಬದ ಪಾಚಿ ಸಾರು

ನಮ್ಮ ದೇಗು ಊರಿನ ಪ್ರಾಥಮಿಕ ಶಾಲೆಯಲ್ಲಿ ಗಣಿತ ಸ್ಪರ್ಧೆ ಎಂಬುದೇ ಇರಲಿಲ್ಲ. ಅದನ್ನು ಹುಟ್ಟುಹಾಕಿದವಳು ನಮ್ಮಕ್ಕ ಸನ್‌ಯೊಂಗ್. ಅಲ್ಲೇ ಓದುತ್ತಿದ್ದ ಅವಳ ಮಗಳು ನಾರೆ ಆಟದಲ್ಲಿ ಹಿಂದೆ, ಹಾಡಿನಲ್ಲಿ ಹಿಂದೆ. ಲೆಕ್ಕಗಳನ್ನು ಮಾತ್ರ ಬಸ್ಸಿನ ಮಂಜು ಕವಿದ ಗಾಜಿನ ಮೇಲೆ ಬೆರಳಾಡಿಸುತ್ತ, ತನ್ನಷ್ಟಕ್ಕೆ ನಗುತ್ತ ಬಿಡಿಸುತ್ತಿದ್ದಳು. ಒಮ್ಮೆಯಾದರೂ ವೇದಿಕೆಯಿಂದ ಅವಳ ಹೆಸರು ಕೂಗಬೇಕು, ಅಕ್ಕನಿಗೆ ಅಷ್ಟೇ ಬೇಕಿತ್ತು. ತಾಯಂದಿರ ಸಭೆಯಲ್ಲಿ ಮಾತು ತೆಗೆದಳು, ಹೆಡ್‌ಮಾಸ್ತರರನ್ನು ಒಪ್ಪಿಸಿದಳು, ಹಾಲ್ ಖಾಲಿಯಿದ್ದ ದಿನವನ್ನು ಗೊತ್ತುಮಾಡಿದಳು.

ಅದು ನಾರೆ ಹುಟ್ಟಿದ ದಿನ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ನಮ್ಮಮ್ಮನಿಗೆ ಹೊಳೆದಿತ್ತು. ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಕಡಲಪಾಚಿ ನೆನೆಸಿ, ಎಳ್ಳೆಣ್ಣೆಯಲ್ಲಿ ಬಾಡಿಸಿ ಸಾರು ಕಾಸಿದ್ದಳು. ಕೂಸಿನ ಕುಂಡೆಗೊಂದು ಏಟು ಕೊಟ್ಟು ಲೋಕಕ್ಕೆ ಅಟ್ಟುವ ಹೆರಿಗೆ ದೇವತೆ ಸಂಸಿನ್ ಅಜ್ಜಿ ಪ್ರತಿ ಹುಟ್ಟುಹಬ್ಬಕ್ಕೂ ಬಂದು, ಒಲೆಯ ಪಕ್ಕ ಕೂತು, ಮಗು ಪಾಚಿ ಸಾರು ಕುಡಿಯಿತೇ ಎಂದು ನೋಡಿಕೊಂಡು ಹೋಗುತ್ತಾಳಂತೆ. ನಮ್ಮಜ್ಜಿ ಹೇಳುತ್ತಿದ್ದ ಕತೆ. ನಾನು ಈಗಲೂ ಆ ಜಾಗ ಬಿಟ್ಟು ಕೂರುತ್ತೇನೆ.

ಅಕ್ಕ ಮುಚ್ಚಳ ತೆಗೆದವಳೇ ಕೂಗಿದಳು. "ಅಮ್ಮಾ! ಪರೀಕ್ಷೆ ದಿನ ಪಾಚಿ ಸಾರಾ? ಈ ಲೋಳೆ ಕುಡಿದು ಮಗು ಪರೀಕ್ಷೇಲಿ ಜಾರಿ ಬೀಳ್ಲಿ ಅಂತಾನಾ?"

"ಅವಳ ಹುಟ್ಟುಹಬ್ಬ ಕಣೇ. ಇವಳನ್ನ ಹೆತ್ತು ವಾರಗಟ್ಟಲೆ ಇದನ್ನೇ ಕುಡಿದ್ಯಲ್ಲ, ಆಗ ಎಲ್ಲಿ ಜಾರಿ ಬಿದ್ದೆ?"

"ಆಗ ಪರೀಕ್ಷೆ ಇತ್ತಾ? ಊರ ಮಕ್ಕಳೆಲ್ಲ ಗೆಲುವು ಅಂಟ್ಕೊಳ್ಲಿ ಅಂತ ಅಂಟುಮಿಠಾಯಿ ತಿಂದು ಹೋಗ್ತಾರೆ, ನನ್ನ ಮಗಳು ಮಾತ್ರ ಇದನ್ನ ಕುಡಿದು ಹೋಗ್ಬೇಕಾ?"

ಸಾರು ಸಿಂಕಿಗೆ ಹೋಯಿತು. ನಾರೆ ಅಂಟುಮಿಠಾಯಿ ಜಗಿಯುತ್ತ, ಜಾಲರಿಗೆ ಸಿಕ್ಕಿಕೊಂಡ ಪಾಚಿಯನ್ನೇ ನೋಡುತ್ತಿದ್ದಳು.

ಸ್ಪರ್ಧೆಯ ಸುದ್ದಿ ಹಬ್ಬಿದ್ದೇ ತಡ, ಬೀದಿಯ ಅಮ್ಮಂದಿರೆಲ್ಲ ಮಕ್ಕಳನ್ನು ಟ್ಯೂಷನ್ನಿಗೆ ಹಾಕಿದ್ದರು. ಅಕ್ಕನೂ ಹಾಕಿದ್ದಳು. ಆಮೇಲೆ ನಾರೆ ಬಸ್ಸಿನ ಗಾಜಿನ ಮೇಲೆ ಬೆರಳಿಟ್ಟದ್ದನ್ನು ನಾನು ಕಾಣಲಿಲ್ಲ. ಸ್ಪರ್ಧೆ ಮುಗಿದ ಮೇಲೆ ವೇದಿಕೆಯಿಂದ ಕೂಗಿದ ಹೆಸರುಗಳಲ್ಲಿ ಅವಳದಿರಲಿಲ್ಲ. ಸ್ಪರ್ಧೆ ಶುರುಮಾಡಿದವಳೆಂಬ ಮರ್ಯಾದೆಗೆ, ಪಕ್ಕದ ಮನೆಯವಳ ಮಗಳ ಕೊರಳಿಗೆ ಅಕ್ಕನೇ ಪದಕ ಹಾಕಬೇಕಾಯಿತು. ಫೋಟೋಗೆ ನಕ್ಕಳು ಕೂಡ.

ಸಂಜೆ ಅಮ್ಮ ಮತ್ತೆ ಸಾರು ಮಾಡಿದಳು.

"ಬೆಳಿಗ್ಗೆ ಮನೆಯೆಲ್ಲ ಇದರ ವಾಸನೆ ಹಿಡಿದಿತ್ತು, ಅದಕ್ಕೇ ಹೀಗಾಯ್ತು," ಎಂದು ಅಕ್ಕ ಗೊಣಗಿದಳು. ಆಮೇಲೆ ತಾನೇ ಬಟ್ಟಲನ್ನು ಮಗಳ ಮುಂದೆ ಸರಿಸಿದಳು. "ಈಗ ಕುಡಿಯೇ. ಮುಗೀತಲ್ಲ."

ನಾರೆ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. "ಮುಂದಿನ ವಸಂತಕ್ಕೆ ಇನ್ನೊಂದು ಸ್ಪರ್ಧೆ ಇಡ್ತೀವಿ ಅಂತ ನೀನೇ ಮೈಕಲ್ಲಿ ಹೇಳಿದ್ಯಲ್ಲಮ್ಮಾ. ಅಲ್ಲೀವರೆಗೂ ನಂಗೆ ಬೇಡ."

ಅಮ್ಮ ಆ ಬಟ್ಟಲನ್ನು ಒಲೆಯ ಪಕ್ಕ, ಸಂಸಿನ್ ಅಜ್ಜಿಗೆಂದು ನಾನು ಬಿಟ್ಟಿದ್ದ ಜಾಗದಲ್ಲಿ ಇಟ್ಟಳು. ಮರುದಿನ ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು. ಯಾರೂ ಮುಟ್ಟಿರಲಿಲ್ಲ.