ಮುಟ್ಟುವ ಕೋಣೆಯ ಮರ್ವ್

ಗಾಜಿನ ಪೆಟ್ಟಿಗೆಯಿಂದ ಗಣಿ ಟೋಪಿಯನ್ನು ಎತ್ತಿದ ಕೂಡಲೇ ಗ್ಲೆನಿಸ್‌ಗೆ ಗೊತ್ತಾಗಿಹೋಯಿತು, ಇದು ಅದಲ್ಲ. ರಾಳ ಹಚ್ಚಿ ಕಲ್ಲಿನಂತೆ ಗಟ್ಟಿ ಮಾಡಿದ ನೂರಿಪ್ಪತ್ತು ವರ್ಷದ ಉಣ್ಣೆ ಟೋಪಿ ಕೈಗೆ ಭಾರ ಬೀಳಬೇಕು. ಇದು ಹಪ್ಪಳದಷ್ಟು ಹಗುರ. ಅಂಚಿನ ಒಳಗೆ ಹಸಿರು ಚುಕ್ಕಿ. ಹಸಿರು ಅಂದರೆ ನಕಲು, ಶಾಲೆಯ ಮಕ್ಕಳು ಮುಟ್ಟಬಹುದಾದ್ದು. ಕೆಂಪು ಅಂದರೆ ಅಸಲಿ, ಗಾಜಿನೊಳಗೇ ಇರಬೇಕಾದ್ದು. ಹನ್ನೊಂದು ವರ್ಷದ ಹಿಂದೆ ಆ ಚುಕ್ಕಿಗಳನ್ನು ಅಂಟಿಸಿದವಳು ಅವಳೇ.

ಬುತ್ತಿ ಡಬ್ಬಿ ತಿರುಗಿಸಿದಳು. ಹಸಿರು. ಎಣ್ಣೆ ದೀಪ, ಅದೂ ಹಸಿರು.

ಪೆಟ್ಟಿಗೆಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಅವಳ ಕೊರಳಲ್ಲಿ, ಇನ್ನೊಂದು ಶಾಲೆಯ ಮಕ್ಕಳಿಗೆ ಗಣಿಯ ಕತೆ ಹೇಳುತ್ತಿದ್ದ ಮರ್ವ್ ಟ್ರೆನೌತ್‌ನ ಗೊಂಚಲಲ್ಲಿ. ಮಕ್ಕಳ ಕೋಣೆಯಲ್ಲಿ ನಕಲುಗಳನ್ನಿಡುವ ಟ್ರಂಕಿನ ಬೀಗದ ಕೈಯೂ ಅದೇ ಗೊಂಚಲಲ್ಲಿ. ಮರ್ವ್‌ನನ್ನು ಇನ್ನೆರಡು ಗಂಟೆಯಲ್ಲಿ ಹೂಳುತ್ತಾರೆ. ಹೂಳಿದ ಮೇಲೆ ಚಹಾಕ್ಕೆ ಎಲ್ಲರೂ ಬರುವುದು ಇಲ್ಲಿಗೇ, ಈ ಮ್ಯೂಸಿಯಮ್ಮಿಗೇ. ಮಕ್ಕಳ ಕೋಣೆಗೆ ಅವನ ಹೆಸರಿನ ಹಲಗೆ ಹಾಕಿ, ಅವನನ್ನು ಹೊಗಳಿ ನಾಲ್ಕು ಮಾತಾಡಬೇಕಾದವಳೂ ಗ್ಲೆನಿಸ್. ಕಳ್ಳನ ಹೆಸರನ್ನು ಗೋಡೆಗೆ ಏರಿಸುವುದೇ? ಬಾಯಿ ಬಿಟ್ಟಳೋ, ಇನ್ನೊಂದು ಬೀಗದ ಕೈ ನಿನ್ನ ಕೊರಳಲ್ಲೇ ಇದೆಯಲ್ಲ ಎಂದು ಊರು ಕೇಳದೆ ಬಿಟ್ಟೀತೇ?

ಸ್ಮಶಾನದಲ್ಲಿ ಪಾದ್ರಿಯ ಮಾತು ಅವಳ ಕಿವಿಗೆ ಬೀಳಲಿಲ್ಲ. ಕಣ್ಣೆಲ್ಲ ಕ್ರೇಗ್‌ನ ಮೇಲೆ. ಮರ್ವ್‌ನ ತಂಗಿಯ ಮಗ. ಅಡಿಲೇಡಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟವನು. ಮಾಮನ ಬೀಗದ ಗೊಂಚಲನ್ನು ಜೇಬಿನಲ್ಲಿ ಕಿಣಿಕಿಣಿ ಅನ್ನಿಸುತ್ತ ಅವನೇ ಹತ್ತಿರ ಬಂದ.

"ಗ್ಲೆನ್ ಆಂಟಿ, ಮಕ್ಕಳ ಕೋಣೇಲಿರೋ ಟ್ರಂಕು ಒಂದ್ಸಲ ತೆಗೀಬಹುದಾ?"

"ಯಾಕೆ? ಏನಿದೆ ಅದ್ರಲ್ಲಿ?"

"ಮಾಮನ ಹಳೇ ಕೋಟು. ಮಕ್ಕಳಿಗೆ ತೋರ್ಸೋವಾಗ ಹಾಕ್ಕೋತಿದ್ರಲ್ಲ, ಅದು."

"ಮೊದ್ಲು ಮಣ್ಣು ಹಾಕೋಣ ಕಣಪ್ಪ. ಕೋಟು ಎಲ್ಲಿಗೂ ಓಡಿ ಹೋಗಲ್ಲ."

ಅವನು ನಕ್ಕ. ಆ ನಗೆ ಅವಳಿಗೆ ಸರಿಕಾಣಲಿಲ್ಲ.

*

ಹೋದ ವರ್ಷ ಒಂದು ಗುರುವಾರ, ಮೂರನೇ ಕ್ಲಾಸಿನವರು ಬಂದಿದ್ದರು. ಮರ್ವ್ ಅಂಗೈಯಲ್ಲಿ ಜೇಡಿಮಣ್ಣು ನಾದುತ್ತಿದ್ದ. ಟೋಪಿಯ ಹಣೆಗೆ ಮಣ್ಣಿನ ಮುದ್ದೆ ಒತ್ತಿ, ಅದರಲ್ಲಿ ಮೇಣದಬತ್ತಿ ಸಿಕ್ಕಿಸಿಕೊಂಡು ಗಣಿಗೆ ಇಳಿಯುತ್ತಿದ್ದ ಕಾಲದ ಕತೆ.

"ಬತ್ತಿ ಆರಿದ್ರೆ ಏನ್ಮಾಡ್ತಿದ್ರು, ಮಿಸ್ಟರ್ ಟಿ?"

"ಅಲ್ಲೇ ಕೂತು, ಹೆಂಡ್ತಿ ಕಟ್ಟಿಕೊಟ್ಟ ಪಾಸ್ಟಿ ಕಡುಬು ತಿಂತಿದ್ರು. ಬಾಯಿಗೆ ದಾರಿ ತೋರ್ಸೋಕೆ ದೀಪ ಬೇಕಾ?"

ಮಕ್ಕಳು ನಕ್ಕರು. ಒಂದು ಹುಡುಗಿ ಮಾತ್ರ ನಗದೆ ಕೇಳಿತು: "ಈ ಟೋಪಿ ನಿಜದ್ದಾ?"

"ನೀನೇ ಹೇಳು, ಹಿಡ್ಕೊ."

ಹುಡುಗಿಯ ಎರಡೂ ಕೈ ಸೊಂಟದವರೆಗೆ ಇಳಿದವು. "ನಿಜದ್ದೇ."

"ಹಂಗಾದ್ರೆ ನಿಜದ್ದೇ."

ಬಾಗಿಲಲ್ಲಿ ನಿಂತಿದ್ದ ಗ್ಲೆನಿಸ್‌ಗೆ ಅದು ಹುಡುಗಿಯ ನಾಟಕದಂತೆ ಕಂಡಿತ್ತು. ಬಸ್ಸು ಹೋದ ಮೇಲೆ ತಡೆಯಲಾರದೆ ಅಂದಿದ್ದಳು: "ಮಕ್ಕಳ ತಲೆಗೆ ಸುಳ್ಳು ತುಂಬ್ಬೇಡ ಮರ್ವ್."

"ನಾನೇನೂ ಹೇಳ್ಲೇ ಇಲ್ವಲ್ಲ," ಅಂದಿದ್ದ ಅವನು ಉಗುರಿನ ಮಣ್ಣು ಕೆದಕುತ್ತ. "ಅವಳೇ ಹೇಳಿದ್ದು."

*

ಚಹಾದ ಹೊತ್ತಿಗೆ ಮ್ಯೂಸಿಯಮ್ಮು ತುಂಬಿತ್ತು. ಶಾಲೆಯಿಂದ ಒಂಬತ್ತು ಮಕ್ಕಳು ಯೂನಿಫಾರ್ಮಿನಲ್ಲಿ ಬಂದಿದ್ದವು. ಮರ್ವ್‌ನ ತಂಗಿ ಡಲ್ಸಿ ಗ್ಲೆನಿಸ್‌ಳ ಪಕ್ಕ ಬಂದು ಕೂತಳು.

"ಮರ್ವ್‌ಗೆ ಕಟ್ಟಿದ್ದ ಟೈ ನೋಡಿದ್ಯಾ? ನಾನೇ ಆರ್ಸಿದ್ದು. ಅವ್ನೇ ಆರ್ಸಿದ್ರೆ ಸ್ವರ್ಗದ ಬಾಗಿಲಲ್ಲೇ ನಗೋರು."

"ಗಂಡಸರು ಅಷ್ಟೇ ಬಿಡು."

"ಅದಲ್ಲ ಕಣೇ. ಅವನಿಗೆ ಕೆಂಪು, ಹಸಿರು ಎರಡೂ ಒಂದೇ. ಎರಡೂ ಒಣಹುಲ್ಲಿನ ಬಣ್ಣ. ಹದಿನೇಳನೇ ವಯಸ್ಸಲ್ಲಿ ರೈಲ್ವೆ ಕೆಲ್ಸಕ್ಕೆ ಹೋದ. ಕತ್ತಲೆ ಕೋಣೇಲಿ ಲಾಟೀನು ತೋರ್ಸಿ ಬಣ್ಣ ಹೇಳು ಅಂದ್ರಂತೆ. ವಾಪಸ್ ಬಂದು, ರೈಲು ನಂಗಿಷ್ಟ ಇಲ್ಲ ಅಂದ್ಬಿಟ್ಟ. ಅಪ್ಪ ಎಂಜಿನ್ ಡ್ರೈವರು. ಎರಡು ವರ್ಷ ಇವನ ಜೊತೆ ಮಾತು ಬಿಟ್ಟಿದ್ರು. ಆಗ್ಲೂ ಬಾಯಿ ಬಿಡ್ಲಿಲ್ಲ. ನಂಗೊಬ್ಬಳಿಗೇ ಗೊತ್ತು."

ಚಹಾದ ಕಪ್ಪು ಗ್ಲೆನಿಸ್‌ಳ ತುಟಿಯ ಹತ್ತಿರವೇ ನಿಂತಿತು. ಪ್ರತಿ ಡಿಸೆಂಬರಿನಲ್ಲೂ ಗಾಜಿನ ಪೆಟ್ಟಿಗೆ, ಮಕ್ಕಳ ಟ್ರಂಕು ಎರಡನ್ನೂ ಬರಿದು ಮಾಡಿ, ಒರೆಸಿ, ಮತ್ತೆ ತುಂಬುತ್ತಿದ್ದವನು ಅವನೊಬ್ಬನೇ. ಚುಕ್ಕಿ ನೋಡಿ ಇಡು ಅಂದಿದ್ದವಳು ಅವಳು.

"ಆಮೇಲೆ ಗೋಧಿ ಕಣಜದಲ್ಲಿ ಲಾರಿ ತೂಗೋಕೆ ಸೇರ್ಕೊಂಡ. ನಲವತ್ತು ವರ್ಷ," ಡಲ್ಸಿ ಹೇಳುತ್ತಲೇ ಇದ್ದಳು. "ಮೂಟೆ ಎತ್ತಿದ್ರೆ ಸಾಕು, ಇಷ್ಟೇ ತೂಕ ಅಂತಿದ್ದ. ಒಂದು ಕಿಲೋ ಆಚೀಚೆ ಆಗ್ತಿರ್ಲಿಲ್ಲ."

ಗ್ಲೆನಿಸ್ ಎದ್ದಳು. "ಕ್ರೇಗ್, ಬಾ. ಟ್ರಂಕು ತೆಗಿ."

ಮೇಲೆ ಕೋಟು, ಅವನು ಹೇಳಿದಂತೆಯೇ. ಅದರ ಕೆಳಗೆ ಟೋಪಿ. ಎತ್ತಿದಳು, ಮಣಿಕಟ್ಟು ಬಗ್ಗಿತು. ಕೆಂಪು ಚುಕ್ಕಿ. ದೀಪಕ್ಕೂ ಕೆಂಪು, ಡಬ್ಬಿಗೂ ಕೆಂಪು. ಅಂಚು ಅಲ್ಲಲ್ಲಿ ಮುಕ್ಕಾಗಿತ್ತು, ಹಣೆಯ ಮೇಲೆ ಎಷ್ಟೋ ಗುರುವಾರಗಳ ಜೇಡಿಮಣ್ಣು ಕಟ್ಟಿತ್ತು.

"ಬೆಲೆ ಬಾಳೋದಾ ಇದು?" ಕೋಟು ಮಡಚುತ್ತ ಕ್ರೇಗ್ ಕೇಳಿದ.

"ಬಾಳ್ತಿತ್ತು."

ಪಾಪ, ಕಣ್ಣಿನ ದೋಷ ಅಂದುಕೊಂಡಳು. ಎದೆ ಹಗುರಾಯಿತು. ಮರುಕ್ಷಣವೇ ಮನಸ್ಸಿನ ತಕ್ಕಡಿಯ ಮುಳ್ಳು ಮತ್ತೆ ಆಡಿತು. ಬಣ್ಣ ಕಾಣದಿದ್ದರೆ ಹೋಗಲಿ, ತೂಕ? ಮೂಟೆ ತೂಗುವ ಕೈಗೆ ಇಷ್ಟು ಗೊತ್ತಾಗಲಿಲ್ಲವೇ? ಟೋಪಿಯನ್ನು ಅಂಗಾತ ಮಾಡಿದಳು. ಒಳಗೆ ಸುತ್ತಲೂ ಮೆತ್ತನೆ ಬಟ್ಟೆಯ ಪಟ್ಟಿಗಳು, ಒಂದರ ಮೇಲೊಂದು. ಒರಟು ಗಂಡಸು ಹೊಲಿಗೆ. ದೊಡ್ಡವರ ಟೋಪಿ ಏಳೆಂಟು ವರ್ಷದ ತಲೆಗೆ ಕೂರುವಷ್ಟು ಕಿರಿದಾಗಿತ್ತು.

"ಗ್ಲೆನಿಸ್," ಹಜಾರದಿಂದ ಯಾರೋ ಕೂಗಿದರು, "ಹಲಗೆ ಹಾಕೋದಾ, ಬೇಡ್ವಾ? ಎಲ್ಲ ಕಾಯ್ತಿದಾರೆ."

ಅವಳ ಕೈ ಕೊರಳಿನ ಬೀಗದ ಕೈ ಮೇಲಿತ್ತು. ಒಂದು ಹುಡುಗಿ ಬಾಗಿಲು ದಾಟಿ ಒಳಗೆ ಬಂದಿದ್ದಳು.

"ಒಂದ್ಸಲ ಹಾಕ್ಕೊಳ್ಲಾ, ಮಿಸ್? ಹೋದ ವರ್ಷ ಹಾಕ್ಕೊಂಡಿದ್ದೆ."

ಗ್ಲೆನಿಸ್ ಹಜಾರದ ಕಡೆ ತಿರುಗಿದಳು. "ಮೊಳೆ ಹೊಡೀರಿ, ಬಂದೆ."

ಹುಡುಗಿ ಆಗಲೇ ಕಣ್ಣು ಮುಚ್ಚಿ ತಲೆ ಬಗ್ಗಿಸಿ ನಿಂತಿದ್ದಳು. ಸೊಟ್ಟ ಬೈತಲೆಯಲ್ಲಿ ಬಿಸಿಲಿಗೆ ಸುಟ್ಟ ಗೆರೆ. ಭಾರ ಎಷ್ಟೆಂದು ತಿಳಿದವಳ ಹಾಗೆ, ಕಾಲು ಅಗಲಿಸಿ, ಕತ್ತನ್ನು ಬಿಗಿ ಹಿಡಿದಿದ್ದಳು.