ಸೊನ್ನೆ ಹಾಕಿದ ಮರಗಳು

ಡಾಕ್ಟರು ಎರಡು ವರದಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒಮ್ಮೆ ಅವನ್ನೂ ಒಮ್ಮೆ ಅಪ್ಪನನ್ನೂ ನೋಡಿದರು. ಮೂರು ತಿಂಗಳ ಹಿಂದೆ ಅಪ್ಪನ ಲಿವರಿನ ಅಂಕಿ ತೊಂಬತ್ತು ಇತ್ತು. ಈಗ ಇನ್ನೂರ ಹತ್ತು. ಇರಬೇಕಾದದ್ದು ನಲವತ್ತರೊಳಗೆ. ಆದರೆ ಮೂರು ತಿಂಗಳ ಹಿಂದೆ ಇದೇ ಕೋಣೆಗೆ ಗಾಲಿಕುರ್ಚಿಯಲ್ಲಿ ಬಂದಿದ್ದ ಅಪ್ಪ, ಇವತ್ತು ಎರಡು ಮಹಡಿ ಮೆಟ್ಟಿಲು ಹತ್ತಿ, ಲಿಫ್ಟಿಗಾಗಿ ಕಾಯುತ್ತಿದ್ದ ನನಗೂ ಅಮ್ಮನಿಗೂ ಮೊದಲೇ ಬಂದು ಕೂತಿದ್ದ.

"ಹೇಗಿದೀರಾ ಯಜಮಾನ್ರೇ?"

"ಹೊಸ ಟೈರ್ ಹಾಕಿದ ಬಸ್ ಥರ ಇದೀನಿ ಮೇಡಂ." ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವನು.

"ರಿಪೋರ್ಟ್ ಹಾಗೆ ಹೇಳ್ತಿಲ್ವಲ್ಲ."

"ರಿಪೋರ್ಟಿಗೇನು ಗೊತ್ತು? ಅದು ಮೆಟ್ಟಿಲು ಹತ್ತುತ್ತಾ?"

ಡಾಕ್ಟರು ನಗಲಿಲ್ಲ. "ನಾನು ಕೊಟ್ಟ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದೀರಾ?"

"ಇಲ್ಲ," ಎಂದ ಅಪ್ಪ.

"ಇಲ್ಲ," ಎಂದೆ ನಾನು.

"ಟೀ ಬಿಟ್ರೆ ಏನೂ ಇಲ್ಲ," ಎಂದಳು ಅಮ್ಮ.

"ಎಂಥಾ ಟೀ?"

"ಅಣಬೆ ಟೀ. ಮರದ ಮೇಲೆ ಹಲಗೆ ಥರ ಬೆಳೆಯತ್ತಲ್ಲ, ಕೆಂಪಗೆ, ಮೇಲೆ ಎಣ್ಣೆ ಸವರಿದ ಹಾಗೆ ಹೊಳೆಯತ್ತೆ, ಅದು. ನಮ್ಮತ್ತೆ ಮಾಡ್ತಿದ್ರು. ಕಣ್ಣು ಹಳದಿ ಆದೋರಿಗೆಲ್ಲ ಕೊಡ್ತಿದ್ರು."

ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಲಿವರಿಗೆ ಒಳ್ಳೆಯದು ಅನ್ನುವವರೂ ಇದ್ದಾರೆ, ಕೆಟ್ಟದ್ದು ಅನ್ನುವವರೂ ಇದ್ದಾರೆ, ನನಗೆ ನಿಜವಾಗಿಯೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಒಬ್ಬ ಡಾಕ್ಟರ ಬಾಯಿಂದ ಕೇಳಿದ್ದು ನನಗೆ ಅದೇ ಮೊದಲು. ಅಪ್ಪ ಅಮ್ಮ ಹೊರಗೆ ಹೋದ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡರು.

"ನಾಲ್ಕು ವಾರ ಆ ಟೀ ಪೂರ್ತಿ ನಿಲ್ಸಿ. ಮತ್ತೆ ರಕ್ತ ನೋಡೋಣ. ಹೀಗೇ ಏರ್ತಾ ಹೋದ್ರೆ ನಿಮ್ಮ ತಂದೆ ಈ ವರ್ಷ ದಾಟೋದು ಕಷ್ಟ."

ಮನೆಯಲ್ಲಿ ಒಲೆಯ ಮೇಲೆ ಆ ಹೊತ್ತಿನ ಟೀ ಆಗಲೇ ಕುದಿಯುತ್ತಿತ್ತು. ಅಮ್ಮ ಚಪ್ಪಲಿ ಬಿಟ್ಟವಳೇ ಅಭ್ಯಾಸಬಲದಿಂದ ಇಟ್ಟುಬಿಟ್ಟಿದ್ದಳು. ಒಣಗಿದ ಅಣಬೆಯನ್ನು ಅವಳು ತನ್ನ ಹೊಲಿಗೆಯ ದೊಡ್ಡ ಕತ್ತರಿಯಿಂದ ರಿಬ್ಬನ್ನಿನಂತೆ ಕತ್ತರಿಸುತ್ತಾಳೆ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಬತ್ತುವವರೆಗೆ ಕುದಿಸಿ, ಹಳೆಯ ಲಂಗದ ಬಟ್ಟೆಯಲ್ಲಿ ಸೋಸುತ್ತಾಳೆ. ಮನೆಯೆಲ್ಲ ಒದ್ದೆ ಮರದ ವಾಸನೆ. ಮೂರು ತಿಂಗಳಿಂದ ಆ ವಾಸನೆಯಲ್ಲೇ ಊಟ ಮಾಡಿ ಅದರಲ್ಲೇ ಮಲಗಿದ್ದರೂ, ಆ ಅಣಬೆ ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂಗಡಿಯಿಂದ ಅಂದುಕೊಂಡಿದ್ದೆ.

"ಯಾವ ಅಂಗಡಿಯಮ್ಮಾ?"

"ಅಂಗಡಿಯಿಂದ ಯಾಕೆ ತರಲಿ, ಮಗ ಇಂಥಾ ಕೆಲಸದಲ್ಲಿರುವಾಗ?"

ನನ್ನ ಕೆಲಸವೆಂದರೆ ನಗರದ ರಸ್ತೆಬದಿಯ ಮರಗಳ ತಪಾಸಣೆ. ಬೊಡ್ಡೆಗೆ ಮರದ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತೇನೆ, ಕೊರೆದು ನೋಡುತ್ತೇನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮರದ ಮೈಮೇಲೆ ಅಣಬೆ ಮೂಡಿದೆಯೆಂದರೆ ಒಳಗೆ ಕೊಳೆಯುತ್ತಿದೆ ಎಂದರ್ಥ. ಅಂಥ ಮರಕ್ಕೆ ಹಳದಿ ಬಣ್ಣದ ಗುರುತು ಬೀಳುತ್ತದೆ, ಇಂಟು ಇಲ್ಲವೇ ಸೊನ್ನೆ.

"ನಿನ್ನ ಪುಸ್ತಕದಲ್ಲಿ ಎಲ್ಲಾ ಇತ್ತಲ್ಲೋ. ಯಾವ ರಸ್ತೆ, ಎಷ್ಟನೇ ಮರ, ಅಣಬೆ ಎಷ್ಟು ಎತ್ತರದಲ್ಲಿದೆ. ಇಷ್ಟು ಅಚ್ಚುಕಟ್ಟಾಗಿ ಯಾರು ಬರೆದುಕೊಡ್ತಾರೆ? ನೀನು ಸ್ನಾನಕ್ಕೆ ಹೋದಾಗ ಬರ್ಕೊಳ್ತಿದ್ದೆ. ಇಂಟು ಹಾಕಿದ ಮರ ಮುಟ್ಟಿಲ್ಲಪ್ಪಾ, ಅದು ಕೆಟ್ಟದ್ದು ಅಂತ ನನಗೂ ಗೊತ್ತಾಗತ್ತೆ. ಸೊನ್ನೆ ಹಾಕಿದ್ದರಿಂದ ಮಾತ್ರ ಕೊಯ್ದಿದ್ದು."

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಇಂಟು ಎಂದರೆ ಉಳಿಯದ ಮರ. ತಿಂಗಳೆರಡು ತಿಂಗಳಲ್ಲಿ ಕಡಿಯುತ್ತೇವೆ, ಹಾಗಾಗಿ ಅದಕ್ಕೆ ಏನೂ ಮಾಡುವುದಿಲ್ಲ. ಸೊನ್ನೆ ಎಂದರೆ ಉಳಿಸಿಕೊಳ್ಳಬಹುದಾದ ಮರ. ಅದಕ್ಕೆ ಔಷಧಿಯುಂಟು. ಅಣಬೆ ಎದ್ದ ಜಾಗಕ್ಕೂ ಅದರ ಸುತ್ತಲಿಗೂ ಬೂಷ್ಟು ಕೊಲ್ಲುವ ಮುಲಾಮು ಬಳಿಯುತ್ತೇವೆ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿದೆ. ಬಳಿಯುವವನು ನಾನೇ.

"ಅದರ ಮೇಲೆ ಕಪ್ಪಗೆ ಏನೂ ಇರ್ಲಿಲ್ವಾ ಅಮ್ಮ?"

"ಇತ್ತು. ರಸ್ತೆ ಹೊಗೆ ಮಸಿ ಅಂತ ಬ್ರಷ್ ಹಾಕಿ ತಿಕ್ಕಿ ತೊಳೆದೆ. ಮೂರು ಸಲ ತೊಳೀತೀನಿ, ನನ್ನ ಕೈಯಲ್ಲಿ ಕೊಳಕು ಉಳಿಯಲ್ಲ."

"ಎಲ್ಲದರ ಮೇಲೂ ಇತ್ತಾ?"

"ಕೆಲವದರ ಮೇಲೆ." ಅವಳು ಯೋಚಿಸಿದಳು. "ಮೊದಮೊದಲು ಕೊಯ್ದದ್ದರ ಮೇಲೆ ಇರಲಿಲ್ಲ ಅನ್ಸತ್ತೆ. ಎಲ್ಲಾ ಒಂದೇ ಡಬ್ಬಿಗೆ ಸುರಿದಿದೀನಲ್ಲ, ಈಗ ಹೇಗೆ ಹೇಳ್ಲಿ?"

ಡಬ್ಬಿ ತೆಗೆದು ನೋಡಿದೆ. ಎಲ್ಲ ಚೂರುಗಳೂ ಒಂದೇ ಥರ ಕಂದು. ಹಲವು ಮರಗಳಿಗೆ ಸೊನ್ನೆ ಹಾಕಿದ ಎಷ್ಟೋ ವಾರದ ಮೇಲೆ ಮುಲಾಮು ಬಳಿದಿದ್ದೆ. ಅವಳು ಅದಕ್ಕಿಂತ ಮೊದಲು ಹೋಗಿದ್ದಳೋ ಆಮೇಲೋ? ಯಾವ ವಾರ ಯಾವ ಮರ ಅಪ್ಪನ ಲೋಟಕ್ಕೆ ಬಂತು? ಪುಸ್ತಕದ ಪುಟ ತಿರುವಿದಷ್ಟೂ ತಲೆಬುಡ ತಿಳಿಯಲಿಲ್ಲ. ಅಪ್ಪನನ್ನು ಎಬ್ಬಿಸಿ ಕೂರಿಸಿದ್ದು ಅಣಬೆಯೋ, ಅವನ ಲಿವರನ್ನು ತಿನ್ನುತ್ತಿರುವುದು ಅಣಬೆಯೋ, ನನ್ನ ಮುಲಾಮೋ, ಡಾಕ್ಟರ ಮಾತ್ರೆಯೋ, ಅಥವಾ ಎಲ್ಲವೂ ಒಟ್ಟಿಗೆ ಒಂದೇ ಲೋಟದಲ್ಲಿ ಜಗಳವಾಡುತ್ತಿದ್ದವೋ.

ಮುಲಾಮಿನ ವಿಷಯ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. "ಡಾಕ್ಟರು ನಾಲ್ಕು ವಾರ ನಿಲ್ಸು ಅಂದಿದಾರೆ," ಎಂದಷ್ಟೇ ಹೇಳಿ ಪಾತ್ರೆಯಲ್ಲಿದ್ದದ್ದನ್ನು ಮೋರಿಗೆ ಚೆಲ್ಲಿದೆ. ಡಬ್ಬಿಯನ್ನೂ ಖಾಲಿ ಮಾಡಿದೆ. ಮರುದಿನ ಡಾಕ್ಟರಿಗೆ ಫೋನು ಮಾಡಿ ಮುಲಾಮಿನ ಹೆಸರು ಹೇಳಿದೆ. ಅವರು "ಇದೇ ಕಾರಣ ಇರಬಹುದು. ಅಲ್ಲದೆಯೂ ಇರಬಹುದು," ಎಂದರು.

ಮೊದಲ ವಾರ ಅಪ್ಪ ಚೆನ್ನಾಗಿಯೇ ಇದ್ದ. ಎರಡನೆಯ ವಾರ ಬೆಳಗಿನ ನಡಿಗೆ ಬಿಟ್ಟ. ಮೂರನೆಯ ವಾರ ಗಡ್ಡ ಹೆರೆಯುವುದನ್ನು ಬಿಟ್ಟ. ನಾಲ್ಕನೆಯ ವಾರ ಊಟದ ತಟ್ಟೆಯ ಮುಂದೆ ಕೂತು, ತುತ್ತನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಿದ್ದ. ಅಮ್ಮ ನನ್ನ ಜೊತೆ ಮಾತು ಕಡಿಮೆ ಮಾಡಿದಳು.

ರಕ್ತದ ವರದಿ ತರಲು ನಾನೊಬ್ಬನೇ ಹೋದೆ. ನೂರ ಹದಿನೆಂಟು. ಡಾಕ್ಟರ ಮುಖ ಅರಳಿತು.

"ತುಂಬಾ ಒಳ್ಳೇದಾಯ್ತು. ಇನ್ನೂ ಇಳಿಯತ್ತೆ. ನೀವು ಹೇಳಿದ ಸುಸ್ತು ಕಾಯಿಲೆಯದ್ದೇ, ಅದು ಹೋಗೋದು ನಿಧಾನ. ಆ ಟೀ ಕಡೆ ತಲೆ ಹಾಕೋದೇ ಬೇಡ."

"ಮುಲಾಮು ಇಲ್ಲದ ಅಣಬೆಯಾದ್ರೆ?"

"ನೀವೇ ಹೀಗೆ ಕೇಳಿದ್ರೆ ಹೇಗೆ? ಇನ್ನೊಂದು ಸಲ ಇನ್ನೂರಕ್ಕೆ ಹೋದ್ರೆ ಇಳಿಸೋಕೆ ನನ್ನ ಕೈಯಲ್ಲಾಗಲ್ಲ."

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಎಷ್ಟು ಬಂತು?"

"ನೂರ ಹದಿನೆಂಟು. ಇಳಿದಿದೆ."

ಅವಳ ಮುಖ ನೋಡಬೇಕಿತ್ತು. ಸಂತೋಷ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಹಾಗೇ ಹೊರಟುಹೋಯಿತು. "ಅಂದ್ರೆ ನಾನೇ..." ಎಂದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚತೊಡಗಿದಳು.

ಅದನ್ನು ನೋಡಲಾಗಲಿಲ್ಲ. "ನೀನಲ್ಲಮ್ಮಾ, ನಾನು. ಆ ಕಪ್ಪು ಮಸಿ ಇತ್ತಲ್ಲ, ಅದು ಮಸಿಯಲ್ಲ. ನಾನು ಬಳಿದ ವಿಷ. ಸೊನ್ನೆ ಹಾಕಿದ ಮರಕ್ಕೆಲ್ಲ ಬಳಿದಿದ್ದೆ. ನಿನ್ನ ಅಣಬೆ ಏನೂ ಮಾಡಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ತಪ್ಪು ಗೊತ್ತಾಯಿತು. ಅಮ್ಮನ ಬೆರಳು ನಿಂತಿತು. ಕಣ್ಣಲ್ಲಿ ಲೆಕ್ಕಾಚಾರ ಶುರುವಾಯಿತು. ಬಟ್ಟೆ ಕಡಿಮೆಯಿದ್ದಾಗ ಅದರಲ್ಲೇ ರವಿಕೆ ಹೊರಡಿಸುವಾಗ ಅವಳು ಹೀಗೇ ನೋಡುತ್ತಿದ್ದಳು.

"ಸೊನ್ನೆ ಹಾಕಿದ್ದಕ್ಕೆ ಬಳೀತೀಯಾ?"

"ಹೂಂ."

"ಇಂಟು ಹಾಕಿದ್ದಕ್ಕೆ?"

ನಾನು ಚಪ್ಪಲಿ ಬಿಡಲು ಬಗ್ಗಿದೆ.

"ಇಂಟು ಹಾಕಿದ ಮರದ್ದು ಶುದ್ಧ ಹಾಗಾದ್ರೆ! ಅಯ್ಯೋ ನನ್ನ ಬುದ್ಧಿಗಿಷ್ಟು, ಒಳ್ಳೇದನ್ನೆಲ್ಲ ಬಿಟ್ಟು ಬಂದೆನಲ್ಲೋ! ನಿಮ್ಮಪ್ಪನ್ನ ನೋಡು, ನಾಲ್ಕು ವಾರದಲ್ಲಿ ಹೇಗಾಗಿದಾರೆ. ನಾಳೆನೇ ಹೋಗ್ತೀನಿ. ಬಸ್ ಸ್ಟಾಪ್ ಹತ್ರದ್ದು ಇನ್ನೂ ಕಡಿದಿಲ್ಲ ತಾನೆ?"

ಅವಳು ಹೇಳುತ್ತಿರುವುದು ಸುಳ್ಳು ಎಂದು ನನಗೆ ಗೊತ್ತಿದ್ದರೆ ಸುಲಭವಿತ್ತು. ನಿಜ ಎಂದು ಗೊತ್ತಿದ್ದರೂ ಸುಲಭವೇ. ಇನ್ನೂರ ಹತ್ತರಲ್ಲಿ ಮೆಟ್ಟಿಲು ಹತ್ತಿದ ಅಪ್ಪ, ನೂರ ಹದಿನೆಂಟರಲ್ಲಿ ಗೋಡೆಗೆ ಮುಖ ಮಾಡಿದ ಅಪ್ಪ. ಇವರಿಬ್ಬರಲ್ಲಿ ಯಾರಿಗೆ ಕಾಯಿಲೆ?

"ಅದಕ್ಕೂ ಬಳಿದಿದೀವಿ," ಎಂದೆ. "ಈ ಸಲ ಎಲ್ಲಾ ಮರಕ್ಕೂ ಬಳಿದಾಯ್ತು. ಹೊಸ ಆದೇಶ ಬಂದಿದೆ."

"ಕಡಿಯೋ ಮರಕ್ಕೂನಾ?"

"ಕಡಿಯೋ ಮರಕ್ಕೂ."

ಅಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. ಊರಿನ ಮರಗಳಿಗೆಲ್ಲ ನಾನೇ ಹುಷಾರಿಲ್ಲದಂತೆ ಮಾಡಿದೆನೇನೋ ಎಂಬಂತೆ.

ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತು. ಮರುದಿನ ಬೆಳಿಗ್ಗೆ ಆಫೀಸಿನ ಗೋದಾಮಿನಿಂದ ಮುಲಾಮಿನ ದೊಡ್ಡ ಡಬ್ಬಿ ಎತ್ತಿಕೊಂಡು ಹೊರಟೆ. ನಮ್ಮ ಜೊತೆ ಏಣಿ ಹೊರುವ ಹಿರಿಯನೊಬ್ಬನಿದ್ದಾನೆ. ನಿವೃತ್ತಿಗೆ ಆರು ತಿಂಗಳಿರುವ ಅವನನ್ನು ಎಲ್ಲರೂ ಏಣಿಯಣ್ಣ ಅನ್ನುತ್ತಾರೆ. ನಾನು ಇಂಟು ಹಾಕಿದ ಮೊದಲ ಮರದ ಅಣಬೆಗೆ ಬ್ರಷ್ ಹಚ್ಚುತ್ತಿದ್ದಂತೆ ಅವನು ಏಣಿಯನ್ನು ಕೆಳಗಿಟ್ಟೇಬಿಟ್ಟ.

"ಸಾಹೇಬ್ರೇ, ಇದು ಮುಂದಿನ ವಾರ ಕಡಿಯೋ ಮರ."

"ಗೊತ್ತಣ್ಣ."

"ಹೆಣಕ್ಕೆ ಮಾತ್ರೆ ನುಂಗಿಸಿದ ಹಾಗಾಯ್ತಲ್ಲ. ರಾತ್ರಿ ನಿದ್ದೆ ಆಯ್ತಾ?"

"ಹೊಸ ಆದೇಶ."

"ಯಾರ ಆದೇಶ?"

"ನಂದೇ."

ಅವನು ಮೇಲೆ ಮರವನ್ನೂ ಕೆಳಗೆ ನನ್ನನ್ನೂ ನೋಡಿ, ಏಣಿಯನ್ನು ಹೆಗಲಿಗೇರಿಸಿಕೊಂಡ. "ನಡೀರಿ. ನನಗೇನು, ಏಣಿ ಹೊರೋದಷ್ಟೇ ನನ್ನ ಕೆಲಸ. ಮುಂದಿನ ವಾರ ಕಡೀತಾರೆ ಅಂತ ಮರಕ್ಕೆ ಗೊತ್ತಿದ್ರೆ ಅದೇ ನಗ್ತಿತ್ತು."

ಮಧ್ಯಾಹ್ನದ ಹೊತ್ತಿಗೆ ಆರು ಮರ ಮುಗಿದವು. ಏಣಿಯಣ್ಣನನ್ನು ಊಟಕ್ಕೆ ಕಳಿಸಿ, ಏಣಿ ಬೇಡದ ಏಳನೆಯ ಮರಕ್ಕೆ ಒಬ್ಬನೇ ಹೋದೆ. ಅದು ಬಸ್ ಸ್ಟಾಪಿನ ಹಿಂದಿನ ಮರ. ಅಲ್ಲಿನ ಕಲ್ಲುಬೆಂಚಿನ ಮೇಲೆ ಅಪ್ಪ ಕೂತಿದ್ದ. ಕಾಲಲ್ಲಿ ಬೇರೆ ಬೇರೆ ಚಪ್ಪಲಿ. ತೊಡೆಯ ಮೇಲೆ ತರಕಾರಿ ಹೆಚ್ಚುವ ಚಾಕು.

ಮನೆಯಿಂದ ಅಲ್ಲಿಗೆ ಇನ್ನೂರು ಹೆಜ್ಜೆಯೂ ಇಲ್ಲ. ಅವನ ಉಸಿರು ನೋಡಿದರೆ ಊರಾಚೆಯಿಂದ ನಡೆದು ಬಂದಂತಿತ್ತು.

"ನಿಮ್ಮಮ್ಮ ಬೇಡ ಅಂದ್ಲು," ಎಂದ. "ಎಲ್ಲಾದಕ್ಕೂ ವಿಷ ಬಳಿದಿದ್ದಾನೆ ಅಂದ್ಲು. ನೋಡ್ಕೊಂಡು ಬರೋಣ ಅಂತ ಬಂದೆ. ಇದಕ್ಕೆ ಬಳಿದೇ ಇಲ್ವಲ್ಲೋ." ಅವನು ಬೊಡ್ಡೆಯ ಕಡೆ ಕೈ ತೋರಿಸಿದ. ಎದೆಯೆತ್ತರದಲ್ಲಿ ಮೂರು ಅಣಬೆಗಳು ಒಂದರ ಮೇಲೊಂದು, ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. "ಬಂದು ಕೂತೆ, ಈಗ ಏಳೋಕಾಗ್ತಿಲ್ಲ. ನೀನೇ ಕೊಯ್ದು ಕೊಡು."

"ಅಪ್ಪ, ನಂಬರ್ ಇಳಿದಿದೆ."

"ಕೇಳಿಸ್ಕೊಂಡೆ. ಗೋಡೆ ಕಡೆ ತಿರುಗಿದ್ದೆ, ಕಿವುಡಾಗಿರಲಿಲ್ಲ."

"ಟೀ ಕುಡಿದ್ರೆ ಮತ್ತೆ ಏರತ್ತೆ. ಆಮೇಲೆ ಇಳಿಸೋಕಾಗಲ್ಲ ಅಂದಿದಾರೆ ಡಾಕ್ಟರು."

"ನಿನಗೆ ಗೊತ್ತಾ, ಅದರಿಂದಲೇ ಏರತ್ತೆ ಅಂತ?"

"ಗೊತ್ತಿಲ್ಲ."

"ಡಾಕ್ಟರಿಗೆ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದ ಅಪ್ಪ. "ಆದ್ರೆ ಆ ಮೂರು ತಿಂಗಳು ಊಟ ರುಚಿಯಾಗಿತ್ತು ಕಣೋ."

ಒಂದು ಬಸ್ಸು ಬಂದು ನಿಂತು, ಇಬ್ಬರನ್ನು ಇಳಿಸಿ ಹೋಯಿತು. ಅಪ್ಪ ಚಾಕುವಿನ ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದ. ನಾನು ಅದನ್ನು ತೆಗೆದುಕೊಂಡೆ. ಕೊಯ್ಯಬಹುದಿತ್ತು. ಕೊಯ್ದರೆ ಅವನು ನಾಳೆ ಗಡ್ಡ ಹೆರೆಯುತ್ತಿದ್ದನೋ, ಮುಂದಿನ ತಿಂಗಳು ಇಲ್ಲವಾಗುತ್ತಿದ್ದನೋ, ಹೇಳಬಲ್ಲವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಚಾಕುವನ್ನು ಜೇಬಿಗೆ ಹಾಕಿಕೊಂಡು ಡಬ್ಬಿಯ ಮುಚ್ಚಳ ತೆಗೆದೆ.

ಮೇಲಿನದಕ್ಕೆ ಮೊದಲು ಬಳಿದೆ, ಆಮೇಲೆ ನಡುವಿನದಕ್ಕೆ, ಆಮೇಲೆ ಕೊನೆಯದಕ್ಕೆ. ಅಂಗಿಯ ಮೇಲೂ ಎರಡು ಹನಿ ಬಿತ್ತು. ಹಿಂದೆ ಅಪ್ಪನ ಉಸಿರು ಕೇಳುತ್ತಿತ್ತು. ಬೈಯುತ್ತಾನೆ ಎಂದು ಕಾದೆ. ಎದ್ದು ಬಂದು ಬ್ರಷ್ ಕಿತ್ತುಕೊಳ್ಳುತ್ತಾನೆ ಎಂದೂ ಕಾದೆ. ಹಾಗೆ ಕಿತ್ತುಕೊಳ್ಳುವಷ್ಟು ಬಲ ಅವನಿಗಿರಲಿ ಎಂದು ನಾನು ಬಯಸುತ್ತಿದ್ದೆನೋ ಏನೋ, ಅದೂ ಸರಿಯಾಗಿ ತಿಳಿಯಲಿಲ್ಲ.

"ಲೋ," ಎಂದ ಅಪ್ಪ.

ತಿರುಗಿದೆ. ಅವನು ಬೇರಿನ ಹತ್ತಿರ ಬೆರಳು ತೋರಿಸುತ್ತಿದ್ದ. ಹುಲ್ಲಿನ ಮರೆಯಲ್ಲಿ, ಆಗಷ್ಟೇ ಮೂಡುತ್ತಿದ್ದ ಸಣ್ಣದೊಂದು ಅಣಬೆ. ಅಂಚಿನ್ನೂ ಬೆಳ್ಳಗಿತ್ತು.

"ಕೆಳಗಡೆ ಒಂದು ಬಿಟ್ಟೆ ನೋಡು."

ದನಿಯಲ್ಲಿ ಸಿಟ್ಟಿತ್ತೋ, ಒಪ್ಪಿಗೆಯಿತ್ತೋ, ಸುಮ್ಮನೆ ಕೆಲಸ ಅರ್ಧಕ್ಕೆ ಬಿಡುವವನನ್ನು ಕಂಡರೆ ಆಗದ ಹಳೆಯ ಡ್ರೈವರನ ಅಭ್ಯಾಸವಿತ್ತೋ. ನಾನು ಮಂಡಿಯೂರಿ ಕೂತು ಅದಕ್ಕೂ ಬಳಿದೆ.